ಒಂದು ಕಾಳಿನ ಒಂಬತ್ತನೇ ದಿನ

ಪೆನ್ಸಿಲಿನ ತುದಿಯಿಂದ ಹತ್ತಿ ಸರಿಸಿ ದೆಲ್ಮಿ ಇನ್ನೊಂದು ಕಾಳನ್ನು ಹೊರಳಿಸಿ ನೋಡಿದಳು. ಸಿಪ್ಪೆ ಸುಕ್ಕುಗಟ್ಟಿತ್ತು, ಹೊಟ್ಟೆ ಉಬ್ಬಿತ್ತು, ಮೊಳಕೆಯ ಸುಳಿವಿಲ್ಲ. ಮೂಸಿದಳು. ಹುಳಿ ವಾಸನೆ. ಆ ಬಾಟಲಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಪಕ್ಕದ್ದನ್ನು ಎತ್ತಿಕೊಂಡಳು. ಅದೂ ಅಷ್ಟೇ. ಅದರ ಪಕ್ಕದ್ದೂ ಅಷ್ಟೇ. ಜಾಮ್ ಬಾಟಲಿ, ಉಪ್ಪಿನಕಾಯಿ ಬಾಟಲಿ, ಕಿರಿದಾದ ಕತ್ತಿನ ಔಷಧಿ ಶೀಶೆ, ಹೀಗೆ ಕಿಟಕಿಯುದ್ದಕ್ಕೂ ಸಾಲು. ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು, ಒಳಗೆ ಒಂದೊಂದು ಸತ್ತ ಕಾಳು. ಹೊಂಡುರಾಸಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಮೂರನೇ ತರಗತಿಯಲ್ಲಿ ಒದ್ದೆ ಹತ್ತಿಯೊಳಗೆ ಕೆಂಪು ಕಾಳು ಮೊಳೆಯಿಸಿದವರೇ. ಒಂದೂ ಮೊಳೆಯದೆ ಹೋದದ್ದನ್ನು ದೆಲ್ಮಿ ಎಲ್ಲೂ ಕೇಳಿರಲಿಲ್ಲ.

"ಇವತ್ತೇ ಆಗಬೇಕಿತ್ತಾ ನಿಮಗೆ?" ಎಂದು ಅವಳು ಕಾಳುಗಳನ್ನೇ ಗದರಿದಳು.

ಇವತ್ತು ತಪಾಸಣೆ. ತಿಂಡಿ ಬಿಡುವಿನ ನಂತರ ಇನ್ಸ್‌ಪೆಕ್ಟರ್ ಓಂದಿನಾ ಮೇಡಂ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡಿ, ದೆಲ್ಮಿಯನ್ನು ಈ ಶಾಲೆಯಲ್ಲಿ ಕಾಯಂ ಮಾಡಬೇಕೋ ಬೇಡವೋ ಎಂದು ಬರೆಯುತ್ತಾರೆ. ದೆಲ್ಮಿ ತಾತ್ಕಾಲಿಕ ಟೀಚರು. ವರ್ಷಕ್ಕೊಂದು ಊರು, ವರ್ಷಕ್ಕೊಂದು ಬಾಡಿಗೆ ಕೋಣೆ. ಈ ಊರಲ್ಲಿ ಶಾಲೆಯ ಅಡುಗೆಯಾಕೆ ದೋನ್ಯಾ ಚೆಪಾರ ಮನೆಯ ಹಿಂಬದಿಯ ಕೋಣೆ. ಬಂದು ತಿಂಗಳುಗಳಾದರೂ ಬಟ್ಟೆಗಳನ್ನು ಸೂಟ್‌ಕೇಸಿನಿಂದಲೇ ತೆಗೆದು ತೊಡುತ್ತಾಳೆ, ಒಗೆದು ಮಡಚಿ ಮತ್ತೆ ಅದರೊಳಗೇ ಇಡುತ್ತಾಳೆ. "ಆ ಪೆಟ್ಟಿಗೆನ ಮಂಚದ ಕೆಳಗೆ ಕಾವಿಗೆ ಇಟ್ಟಿದ್ದೀಯೇನೇ? ಮರಿ ಯಾವಾಗ ಆಗುತ್ತೆ?" ಎಂದು ದೋನ್ಯಾ ಚೆಪಾ ಚುಡಾಯಿಸುತ್ತಲೇ ಇರುತ್ತಾರೆ. ಕಾಯಂ ಆದ ದಿನ ಬಟ್ಟೆಗಳನ್ನೆಲ್ಲ ಗೂಟಕ್ಕೆ ನೇತುಹಾಕಬೇಕು ಎಂಬುದು ದೆಲ್ಮಿಯ ಆಸೆ. ಬಾಯಿಬಿಟ್ಟು ಹೇಳಿದರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಯಾರಿಗೂ ಹೇಳಿರಲಿಲ್ಲ.

ಅಡ್ಡಿ ಇದ್ದದ್ದು ಒಂದೇ. ನಗು. ಹೆಡ್‌ಮಾಸ್ಟರು ದೋನ್ ಫೌಸ್ತೊ ಅವರ ಕೋಣೆಗೂ ಮೂರನೇ ತರಗತಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಆ ಗೋಡೆ ದಾಟಿ ದಿನಕ್ಕೆ ನಾಲ್ಕಾರು ಸಲ ನಗು ಹೋಗುತ್ತಿತ್ತು. ಮಕ್ಕಳ ನಗುವಾದರೆ ಹೋಗಲಿ, ಅದರಲ್ಲಿ ಟೀಚರ ನಗುವೇ ಎಲ್ಲಕ್ಕಿಂತ ಜೋರು. ದೆಲ್ಮಿ ನಗಲು ಶುರುಮಾಡಿದರೆ ಮೊದಲು ಮೂಗಿನಲ್ಲಿ ಗೊರಕೆಯಂಥದೊಂದು ಸದ್ದು ಬರುತ್ತದೆ, ಆಮೇಲೆ ಅವಳ ಕೈಲಿ ಏನೂ ಇರುವುದಿಲ್ಲ. "ನಿಮ್ಮ ತರಗತಿ ಶಿಸ್ತಿಲ್ಲದ ಸಂತೆ ಅಂತ ಕಾಗದ ಬರೆದು ಕಳಿಸಿದ್ದೀನಿ, ಮುಚ್ಚಿಡಲ್ಲ," ಎಂದು ದೋನ್ ಫೌಸ್ತೊ ಅವಳಿಗೇ ಹೇಳಿದ್ದರು. "ತಪಾಸಣೆ ದಿನ ಒಂದು ಹಲ್ಲು ಕಂಡರೂ ನನ್ನನ್ನ ಕೇಳಬೇಡಿ." ದೆಲ್ಮಿ ಮಾತು ಕೊಟ್ಟಿದ್ದಳು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಉಗುರುಗಳನ್ನೆಲ್ಲ ಕಚ್ಚಿ ಮುಗಿಸಿ ಈಗ ಪೆನ್ಸಿಲಿಗೆ ಬಂದಿದ್ದಳು.

ಮಕ್ಕಳು ಬಂದರು. ಬಿಳಿ ಅಂಗಿ, ನೀಲಿ ಚಡ್ಡಿ ಲಂಗ, ನೀರು ಹಚ್ಚಿ ಬಾಚಿದ ತಲೆಗಳು. ತಪಾಸಣೆ ಅಂತ ಮನೆಯಲ್ಲೂ ಗೊತ್ತಿತ್ತು. ಎಲ್ಲರೂ ಮೊದಲು ಓಡಿದ್ದು ಕಿಟಕಿಗೆ.

"ಎದ್ದಿದ್ಯಾ?"

"ನಂದು ಎದ್ದಿಲ್ಲ."

"ನಂದೂ ಇಲ್ಲ ಕಣೋ. ನಾರ್ತಾ ಇದೆ."

"ಎಲ್ಲರೂ ಇಲ್ಲಿ ಕೇಳಿ," ಎಂದಳು ದೆಲ್ಮಿ, ತನ್ನ ದನಿಗೆ ತಾನೇ ಗಟ್ಟಿತನ ತುಂಬಿಕೊಳ್ಳುತ್ತ. "ಕಾಳಿನ ಪಾಠ ಇವತ್ತಿಲ್ಲ. ಮಗ್ಗಿ ಹೇಳೋಣ. ಎಲ್ಲರೂ ನಿಮ್ಮ ನಿಮ್ಮ ಬಾಟ್ಲಿ ತಗೊಂಡು ಹೋಗಿ, ಒಳಗಿರೋದನ್ನ ಹಿತ್ತಲಿಗೆ ಎಸೆದು, ತೊಳ್ಕೊಂಡು ಬನ್ನಿ. ಬೇಗ. ಮತ್ತೆ ಇವತ್ತು ಯಾರೂ ನಗಬಾರದು. ಒಬ್ಬರೂ."

"ಟೀಚರ್ ನೀವು?" ಎಂದ ಎಲ್ಮರ್. ಮುಂದಿನ ಹಲ್ಲೆರಡು ಬಿದ್ದಿದ್ದ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಹುಡುಗ.

"ನಾನೂ."

"ನೋಡೋಣ," ಎಂದ ಎಲ್ಮರ್. ದೆಲ್ಮಿ ಬೇಗ ಬೋರ್ಡಿನ ಕಡೆ ತಿರುಗಿಕೊಂಡಳು.

ಯಾರೂ ಬಾಟಲಿ ಮುಟ್ಟಲಿಲ್ಲ. ಮಧ್ಯದ ಸಾಲಿನಲ್ಲಿ ಸೋಯ್ಲಾ ಎದ್ದು ನಿಂತಿದ್ದಳು. ಊರಲ್ಲಿ ಯಾರೇ ಸತ್ತರೂ ಮುಂದೆ ಕೂತು ಪ್ರಾರ್ಥನೆ ನಡೆಸುವ ಮುದುಕಿಯ ಮೊಮ್ಮಗಳು ಅವಳು. ನಡೆಯಲು ಕಲಿತಾಗಿನಿಂದ ಅಜ್ಜಿಯ ಲಂಗ ಹಿಡಿದು ಸಾವಿನ ಮನೆಗಳನ್ನೆಲ್ಲ ಸುತ್ತಿದವಳು. ಅವಳ ನಿಲುವಿನಲ್ಲೇ ಒಂದು ಹಿರಿತನ ಇತ್ತು.

"ಹಾಗೇ ಬಿಸಾಕೋದಾ ಟೀಚರ್?"

"ಮತ್ತೇನು ಮಾಡ್ಬೇಕು?"

"ನಾವು ಹೆಸರಿಟ್ಟಿದ್ವಿ. ದಿನಾ ನೀರು ಹಾಕಿದ್ವಿ. ಸತ್ತಮೇಲೆ ಹೆಣ ಕಾಯದೆ ಹಾಗೇ ಬಿಸಾಕಿದ್ರೆ..." ಅಂಥದ್ದನ್ನು ಸೋಯ್ಲಾ ಎಲ್ಲೂ ಕಂಡಿರಲಿಲ್ಲ.

ದೆಲ್ಮಿಯ ಮೂಗಿನಲ್ಲಿ ಆ ಸದ್ದು ಹುಟ್ಟಿತು. ತುಟಿ ಕಚ್ಚಿ ನುಂಗಿದಳು. ಅಷ್ಟರಲ್ಲಿ ಹಲಗೆ ಗೋಡೆಯ ಮೇಲೆ ಎರಡು ಸಲ ಬಡಿದ ಸದ್ದು. ದೋನ್ ಫೌಸ್ತೊ ಕರೆಯುವುದು ಹಾಗೆಯೇ.

"ಏನಾದರೂ ಮಾಡ್ಕೊಳ್ಳಿ," ಎಂದಳು ಗಾಬರಿಯಲ್ಲಿ. "ಆದ್ರೆ ಮೆತ್ತಗೆ. ನಾನು ಬರೋವರೆಗೆ ಒಂದು ಸದ್ದು ಕೇಳಿಸಬಾರದು. ಗಂಭೀರವಾಗಿ ಇರಿ, ಗೊತ್ತಾಯ್ತಾ? ಗಂಭೀರವಾಗಿ."

"ಗೊತ್ತಾಯ್ತು ಟೀಚರ್," ಎಂದಳು ಸೋಯ್ಲಾ.

ದೋನ್ ಫೌಸ್ತೊ ಕುರ್ಚಿಯ ಮೇಲೆ ಹತ್ತಿ ಗೋಡೆಯ ರಾಷ್ಟ್ರಲಾಂಛನವನ್ನು ನೇರಮಾಡುತ್ತಿದ್ದರು. ನೇರ ಆಯಿತಾ ಎಂದು ನೋಡಿ ಹೇಳಲು ದೆಲ್ಮಿ ಬೇಕಾಗಿತ್ತು. "ಎಡಕ್ಕೆ," ಎಂದಳು. "ಸ್ವಲ್ಪ ಬಲಕ್ಕೆ." ಇಸ್ತ್ರಿಯ ಗೆರೆ ಕೆಡಬಾರದೆಂದು ಅವರು ಬೆಳಗಿನಿಂದ ಕೂತೇ ಇಲ್ಲವೆಂದು ಗೊತ್ತಾಯಿತು. ಮೊದಲ ಬಾರಿಗೆ ದೆಲ್ಮಿಗೆ ಅವರ ಮೇಲೆ ಕನಿಕರ ಬಂತು, ಆದರೆ ಒಂದು ಕಡೆ ನಿಂತು ಕನಿಕರಪಡುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ. ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಕಿಟಕಿಗೆ ಹೋದಳು. ರಸ್ತೆಯಲ್ಲಿ ಪಿಕಪ್ಪಿನ ಧೂಳು ಕಾಣುತ್ತದಾ ಎಂದು ಇಬ್ಬರೂ ನೋಡುತ್ತಿದ್ದರು.

ಧೂಳು ಕಾಣಲಿಲ್ಲ. ಬಾಗಿಲಲ್ಲಿ ಓಂದಿನಾ ಮೇಡಮ್ಮೇ ನಿಂತಿದ್ದರು. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಒಂದು ಶೂ.

"ಹಳ್ಳದಲ್ಲಿ ಗಾಡಿ ಹೂತ್ಕೊಂಡಿದೆ. ನಡ್ಕೊಂಡು ಬಂದೆ," ಎಂದರು ಅವರು. ಕಪ್ಪು ಕನ್ನಡಕದ ಹಿಂದೆ ಯಾವ ಭಾವವಿದೆ ಎಂದು ತಿಳಿಯುವಂತಿರಲಿಲ್ಲ. "ಬಿಡುವಿನವರೆಗೆ ಕಾಯಲ್ಲ. ಮೂರನೇ ತರಗತಿ ಎಲ್ಲಿದೆ?"

ದೋನ್ ಫೌಸ್ತೊ ಕುರ್ಚಿಯಿಂದ ಇಳಿಯುವ ಭರದಲ್ಲಿ ರಾಷ್ಟ್ರಲಾಂಛನ ಮತ್ತೆ ವಾಲಿತು. ಮೂವರೂ ಜಗಲಿಯಲ್ಲಿ ಹೊರಟರು. ದೆಲ್ಮಿ ಕಿವಿಗೊಟ್ಟು ಕೇಳಿದಳು. ಅವಳ ತರಗತಿಯಿಂದ ಕೂಗಾಟವಿಲ್ಲ, ಬೆಂಚು ಎಳೆಯುವ ಸದ್ದಿಲ್ಲ, ನಗು ಮೊದಲೇ ಇಲ್ಲ. ನನ್ನ ಬಂಗಾರದಂಥ ಮಕ್ಕಳು ಎಂದು ಅವಳಿಗೆ ಕಣ್ಣು ತುಂಬಿ ಬಂತು. ಇನ್ನೂ ಹತ್ತಿರ ಹೋದಾಗ ಒಂದು ಗುಂಯ್‌ಗುಡುವ ದನಿ ಕೇಳಿಸಿತು.

"ಕರುಣೆಯ ತಾಯಿಯೇ..."

"ಇವನಿಗಾಗಿ ಪ್ರಾರ್ಥಿಸು."

"ಬೆಳಗಿನ ನಕ್ಷತ್ರವೇ..."

"ಇವನಿಗಾಗಿ ಪ್ರಾರ್ಥಿಸು."

ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು, ಸಾವಿನ ಮನೆಯಲ್ಲಿ ಸರಿಸುವ ಹಾಗೆ. ನಡುವೆ ದೆಲ್ಮಿಯ ಮೇಜು. ಅದರ ಮೇಲೆ ದೆಲ್ಮಿಯದೇ ಕರವಸ್ತ್ರ. ಕರವಸ್ತ್ರದ ಮೇಲೆ ಅರ್ಧ ತೆರೆದ ಬೆಂಕಿಪೊಟ್ಟಣ, ಒಳಗೆ ಹತ್ತಿಯ ಹಾಸಿಗೆಯಲ್ಲಿ ಒಂದು ಕಾಳು. ಎಲ್ಲರ ಕಾಳುಗಳ ಪರವಾಗಿ ಸೋಯ್ಲಾಳ ಕಾಳೇ ಅಲ್ಲಿ ಮಲಗಿತ್ತು. ಸುತ್ತಲೂ ಬಾಟಲಿಗಳು, ಒಂದೊಂದರಲ್ಲೂ ಮೇಣದಬತ್ತಿಯ ಬದಲು ನೆಟ್ಟಗೆ ಚುಚ್ಚಿದ ಹಳದಿ, ಕಿತ್ತಳೆ, ಬಿಳಿ ಬಣ್ಣದ ಕ್ರೇಯಾನುಗಳು. ಹುಡುಗಿಯರು ಸ್ವೆಟರುಗಳನ್ನು ತಲೆಯ ಮೇಲೆ ಹೊದ್ದು ಕೂತಿದ್ದರು. ಹಿಂದಿನ ಮೂಲೆಯಲ್ಲಿ ಹುಡುಗರು ಗಣಿತದ ಅಂಕಿ ಕಾರ್ಡು ಹಿಡಿದು ಇಸ್ಪೀಟು ಆಡುತ್ತಿದ್ದರು, ಹೆಣ ಕಾಯುವ ಗಂಡಸರು ಆಡುವ ಹಾಗೆ, ಮಾತಿಲ್ಲದೆ, ಮುಖ ಸಿಂಡರಿಸಿಕೊಂಡು.

"ಏನಿದು?" ಎಂದು ದೋನ್ ಫೌಸ್ತೊ ಕೂಗಿದರು.

ಸೋಯ್ಲಾ ತುಟಿಯ ಮೇಲೆ ಬೆರಳಿಟ್ಟು ಅವರತ್ತ ತಿರುಗಿದಳು. ದೋನ್ ಫೌಸ್ತೊ ಸುಮ್ಮನಾದರು. ಅವರ ತಾಯಿಯ ಸಾವಿನಲ್ಲೂ ಪ್ರಾರ್ಥನೆ ನಡೆಸಿದ್ದು ಸೋಯ್ಲಾಳ ಅಜ್ಜಿಯೇ.

ಮುಗಿಯಿತು, ಎಂದುಕೊಂಡಳು ದೆಲ್ಮಿ. ಸೂಟ್‌ಕೇಸಿನ ಒಂದು ಕೊಂಡಿ ಸಡಿಲವಾಗಿದೆ, ಹಗ್ಗ ಕಟ್ಟಬೇಕು ಎಂಬುದೂ ಆ ಗಳಿಗೆಯಲ್ಲೇ ನೆನಪಾಯಿತು. ಒಂದು ಕಡೆ ಅಳು, ಇನ್ನೊಂದು ಕಡೆ ಆ ಹಾಳು ಗೊರಕೆ. ಎರಡೂ ಒಟ್ಟಿಗೇ ಬರುವಂತಿದ್ದವು.

ಓಂದಿನಾ ಮೇಡಂ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈಯಲ್ಲಿದ್ದ ಶೂವನ್ನು ಬಾಗಿಲ ಬಳಿ ಇಟ್ಟು, ಇನ್ನೊಂದನ್ನೂ ಬಿಚ್ಚಿ ಪಕ್ಕಕ್ಕಿಟ್ಟು, ಕಪ್ಪು ಕನ್ನಡಕ ತೆಗೆದರು. ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು ನೇರ ಮೇಜಿನ ಬಳಿ ಹೋಗಿ ಬೆಂಕಿಪೊಟ್ಟಣದೊಳಗೆ ಬಗ್ಗಿ ನೋಡಿದರು. ಬೇಕಂತ ಮಾಡಿದ್ದಲ್ಲ ಅದು. ಸಾವಿನ ಮನೆಗೆ ಹೊಕ್ಕ ಯಾರೇ ಆದರೂ ಅಲ್ಲಿ ಹಾಗೆಯೇ ಮಾಡುವುದು, ಕಾಲು ತಾನಾಗಿ ಹೋಗುತ್ತದೆ.

"ಮನೆಯವರು ಯಾರು?" ಎಂದು ಕೇಳಿದರು ತಗ್ಗಿದ ದನಿಯಲ್ಲಿ.

"ನಾನು," ಎಂದಳು ಸೋಯ್ಲಾ.

"ನಿನ್ನ ದುಃಖದಲ್ಲಿ ನಾನೂ ಇದ್ದೀನಮ್ಮ. ಯಾವ ಹೊತ್ತಲ್ಲಿ ಹೋಗಿದ್ದು?"

"ಗೊತ್ತಿಲ್ಲ ಮೇಡಂ. ನಮಗೆ ಗೊತ್ತಾಗಿದ್ದು ಬೆಳಿಗ್ಗೆ."

"ಕಾಯಿಲೆ ಇತ್ತಾ?"

"ಏಳಲೇ ಇಲ್ಲ ಮೇಡಂ."

ಮೇಡಂ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತರು. ಮೊಣಕಾಲು ಗಲ್ಲದ ಹತ್ತಿರ ಬಂತು. ಮೂಲೆಯಿಂದ ಎಲ್ಮರ್ ಕಾರ್ಡು ಕೆಳಗಿಟ್ಟು, "ಪ್ರಾರ್ಥನೆ ಮುಗೀತಲ್ಲ, ಇನ್ನು ಜೋಕು ಹೇಳಬಹುದಾ?" ಎಂದ.

"ಇವತ್ತು ನಗಬಾರದು ಅಂತ ಟೀಚರ್ ಹೇಳಿದ್ದಾರೆ," ಎಂದು ಸೋಯ್ಲಾ ಪಿಸುಗುಟ್ಟಿದಳು.

"ಜೋಕಿಲ್ಲದೆ ಹೆಣ ಕಾಯೋದು ಹೇಗೆ? ನಮ್ಮಜ್ಜ ಸತ್ತಾಗ ಬೆಳಗಿನ ಜಾವದವರೆಗೆ ಹೇಳಿದ್ರು. ಅಜ್ಜಿನೂ ನಕ್ಕಿದ್ಲು."

"ಹೇಳು," ಎಂದರು ಮೇಡಂ.

ಎಲ್ಮರ್ ಎದ್ದು ನಿಂತು ತನ್ನ ಮಾವನ ಹಾಗೆ ಚಡ್ಡಿ ಮೇಲೆಳೆದುಕೊಂಡ. "ಸತ್ತವನು ಭಾರಿ ಸೋಮಾರಿ ಕಣ್ರೀ. ಬಂದ ದಿನ ಮಲಗಿದ್ದು, ಮತ್ತೆ ಏಳ್ಲೇ ಇಲ್ಲ. ದಿನಾ ಬೆಳಿಗ್ಗೆ ಮೈಮೇಲೆ ನೀರು ಹಾಕಿದ್ವಿ, ಹೊರಳಲೂ ಇಲ್ಲ. ಥೇಟ್ ನಮ್ಮ ಮಾವನೇ. ಆದ್ರೆ ನಮ್ಮ ಮಾವ ನೀರು ಹಾಕಿದ್ರೆ ಅಮ್ಮ ಅಕ್ಕ ಅಂತ ಬೈತಾನೆ. ಇವನು ಪಾಪ, ಒಂದು ಬೈಗುಳನೂ ಬೈಲಿಲ್ಲ. ಒಳ್ಳೆ ಮನುಷ್ಯ."

ಮಕ್ಕಳು ಸ್ವೆಟರಿನೊಳಗೆ ಮುಖ ಹುದುಗಿಸಿದರು. ಸ್ವೆಟರುಗಳು ಅಲ್ಲಾಡುತ್ತಿದ್ದವು. ದೆಲ್ಮಿ ಬಾಗಿಲ ಚೌಕಟ್ಟನ್ನು ಉಗುರಿಲ್ಲದ ಬೆರಳುಗಳಿಂದ ಬಿಗಿಯಾಗಿ ಹಿಡಿದು ಮೇಲೆ ಸೂರು ನೋಡುತ್ತ ನಿಂತಳು. ನಗಲಿಲ್ಲ. ಓಂದಿನಾ ಮೇಡಂ ಕೂಡ ನಗಲಿಲ್ಲ.

"ಸರಿ, ಸತ್ತಿದ್ದು ಯಾಕೆ?" ಎಂದು ಕೇಳಿದರು ಮೇಡಂ.

ಒಬ್ಬೊಬ್ಬರಾಗಿ ಬಾಯಿಬಿಟ್ಟರು. ನೀರು ಜಾಸ್ತಿಯಾಗಿತ್ತು. ಇಲ್ಲ, ನಂದಕ್ಕೆ ನೀರು ಹಾಕೋದೇ ಮರೆತಿದ್ದೆ. ಹತ್ತಿ ಬಿಗಿಯಾಗಿ ಉಸಿರು ಕಟ್ಟಿರಬೇಕು. ನನ್ನ ತಮ್ಮ ಒಂದಿನ ಬಂದಾಗ ಅದರ ಮೇಲೆ ಉಗುಳಿದ್ದ. ಕೊನೆಗೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತ, ತಾನು ಎಲ್ಲರ ಕಾಳನ್ನೂ ದಿನಾ ತೆಗೆದು ಕಾಲು ಬಂದಿದ್ಯಾ ಅಂತ ನೋಡುತ್ತಿದ್ದೆ ಎಂದು ಒಪ್ಪಿಕೊಂಡಳು. ಅವಳನ್ನು ಎಲ್ಲರೂ ದುರುಗುಟ್ಟಿ ನೋಡಿದರು.

"ತಡೀರಿ," ಎಂದಳು ದೆಲ್ಮಿ. ಅಳುವ ಮಗುವನ್ನು ಕಂಡು ಅವಳಿಗೆ ತಪಾಸಣೆ ಮರೆತೇಹೋಗಿತ್ತು. ಒಳಗೆ ಬಂದು ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನೀರು ಜಾಸ್ತಿಯಾಗಿ ಸತ್ತಿದ್ರೆ, ನೀರು ಹಾಕದೆ ಇದ್ದಿದ್ದು ಯಾಕೆ ಸತ್ತಿತು?"

ಮಕ್ಕಳು ಯೋಚಿಸಿದರು.

"ಬಿಸಿಲಲ್ಲಿ ಇಟ್ಟಿದ್ದೂ ಸತ್ತಿತು, ನೆರಳಲ್ಲಿ ಇಟ್ಟಿದ್ದೂ ಸತ್ತಿತು. ಇವಳು ಮುಟ್ಟಿದ್ದಕ್ಕೇ ಸಾಯೋದಾದ್ರೆ, ಔಷಧಿ ಶೀಶೆಯೊಳಗೆ ಇವಳ ಬೆರಳೇ ಹೋಗಲ್ಲ, ಅದ್ಯಾಕೆ ಸತ್ತಿತು?"

ಹುಡುಗಿಯ ಅಳು ನಿಂತಿತು. ಮೇಡಂ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದರು.

"ಹಾಗಾದ್ರೆ," ಎಂದಳು ಸೋಯ್ಲಾ ನಿಧಾನವಾಗಿ, "ಅವು ನಮ್ಮ ಹತ್ರ ಬರೋ ಮೊದಲೇ ಸತ್ತಿದ್ವು."

"ಹೌದು!" ಎಂದಳು ದೆಲ್ಮಿ ಹುರುಪಿನಲ್ಲಿ. "ಹಾಗಾದ್ರೆ ನಾವು ಕೇಳಬೇಕಾದ್ದು ಏನು? ಕಾಳು ಎಲ್ಲಿಂದ ಬಂತು ಅಂತ..."

ಅಲ್ಲಿಗೆ ಅವಳ ಬಾಯಿ ಕಟ್ಟಿತು. ಕಾಳು ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಿತ್ತು. ಶಾಲೆಯ ಬಿಸಿಯೂಟದ ಮೂಟೆಯಿಂದ. ದೊಡ್ಡ ರಜೆ ಮುಗಿದು ಬಾಗಿಲು ತೆಗೆದಾಗ ಆ ಮೂಟೆಗೆ ನುಸಿ ಹಿಡಿಯಲು ಶುರುವಾಗಿತ್ತು. ಎಸೆಯುವುದು ಬೇಡ, ನಮ್ಮಜ್ಜಿ ಮಾಡುತ್ತಿದ್ದ ಉಪಾಯ ಒಂದಿದೆ ಎಂದು ಯಾರೋ ಜಾಣೆ ಹೇಳಿದ್ದಳು. ಆ ಜಾಣೆ ಯಾರೆಂಬುದೂ ಅವಳಿಗೆ ಈಗ ನೆನಪಾಗುತ್ತಿತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ದೋನ್ಯಾ ಚೆಪಾ ಕಾಣಿಸಿಕೊಂಡರು. ತಲೆಯ ಮೇಲೆ ಕರಿ ಶಾಲು, ಒಂದು ಕೈಯಲ್ಲಿ ದೊಡ್ಡ ಕಾಫಿ ಪಾತ್ರೆ, ಇನ್ನೊಂದರಲ್ಲಿ ಸಿಹಿ ಬ್ರೆಡ್ಡಿನ ಬುಟ್ಟಿ. ಹೆಣ ಕಾಯುವವರಿಗೆ ಕಾಫಿ ಬೇಕಂತೆ ಎಂದು ಸೋಯ್ಲಾ ಹೇಳಿಕಳಿಸಿದ್ದಳು. ಬೆಂಕಿಪೊಟ್ಟಣ ಕೇಳಿ ಪಡೆದದ್ದಕ್ಕೆ ಏನೂ ಅನುಮಾನ ಬಾರದಿದ್ದ ಮುದುಕಿ ಈ ಮಾತಿಗೆ ಒಲೆ ಬಿಟ್ಟು ಓಡಿಬಂದಿದ್ದರು.

"ಯಾರು? ಯಾರು ಹೋಗಿಬಿಟ್ರು?" ಎಂದು ಕಣ್ಣೊರೆಸಿಕೊಂಡು ಮೇಜಿನತ್ತ ನುಗ್ಗಿದ ಅವರು ಬೆಂಕಿಪೊಟ್ಟಣ ನೋಡಿದರು, ಬಾಟಲಿ ನೋಡಿದರು, ಒಂದು ಕಾಳನ್ನು ಎತ್ತಿ ಎರಡು ಬೆರಳಲ್ಲಿ ಹಿಸುಕಿದರು. "ಅಯ್ಯೋ ನಿಮ್ಮ! ಇದಾ? ಇದು ನಾವು ಹೆಂಚಿನ ಮೇಲೆ ಹಾಕಿ..."

ಅಷ್ಟರಲ್ಲಿ ಪುಟ್ಟ ಕುರ್ಚಿಯಲ್ಲಿ ಕೂತ ಅಪರಿಚಿತ ಹೆಂಗಸು ಕಣ್ಣಿಗೆ ಬಿದ್ದರು. ಬಾಗಿಲಲ್ಲಿ ದೋನ್ ಫೌಸ್ತೊ ಕಂಡರು. ನೆಲದ ಮೇಲೆ ದೆಲ್ಮಿ ಕಂಡಳು. ದೋನ್ಯಾ ಚೆಪಾ ಕಾಳನ್ನು ಮೆಲ್ಲಗೆ ಸ್ವಸ್ಥಾನಕ್ಕೆ ಇಟ್ಟರು.

"ನಂಗೇನೂ ಗೊತ್ತಿಲ್ಲಪ್ಪ," ಎಂದರು. "ಲೆಕ್ಕ ಹೇಳ್ಕೊಡೋಕೆ ಒಂದು ಬಟ್ಟಲು ಕಾಳು ಬೇಕೇನೋ ಅಂದ್ಕೊಂಡು ಕೊಟ್ಟೆ. ಯಾವ ಹೆಂಚೂ ಇಲ್ಲ, ಏನೂ ಇಲ್ಲ. ಕಾಫಿ ತಗೊಳ್ಳಿ."

ದೆಲ್ಮಿ ಸುಮ್ಮನಿದ್ದರೆ ಎಲ್ಲ ಸುಮ್ಮನೆ ಮುಗಿದುಹೋಗುತ್ತಿತ್ತು. ಮೂಟೆಯನ್ನೋ ಅಂಗಡಿಯವನನ್ನೋ ಬೈದು ಮಗ್ಗಿಗೆ ಹೋಗಬಹುದಾಗಿತ್ತು. ಆದರೆ ಪಕ್ಕದಲ್ಲಿ ಆ ಹುಡುಗಿ ಇನ್ನೂ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಕೊಂದಿದ್ದು ನಾನು," ಎಂದಳು ದೆಲ್ಮಿ.

ಸೋಯ್ಲಾಳ ಸ್ವೆಟರು ತಲೆಯಿಂದ ಜಾರಿ ಬಿತ್ತು.

"ನುಸಿ ಹಿಡಿದಿತ್ತು. ಹೆಂಚಿನ ಮೇಲೆ ಬಿಸಿಮಾಡಿ ಇಡಿ ಅಂತ ದೋನ್ಯಾ ಚೆಪಾಗೆ ನಾನೇ ಹೇಳಿದ್ದು. ನುಸಿ ಸಾಯುತ್ತೆ ಅಂತ. ನುಸಿ ಸತ್ತಿತು. ಕಾಳೂ... ಅದೇ ಮೂಟೆಯಿಂದ ತಂದು... ನಾನೇ ಹುರಿದು, ನಾನೇ ನಿಮ್ಮ ಕೈಲಿ ದಿನಾ ನೀರು ಹಾಕ್ಸಿ..." ಮೂಗಿನಲ್ಲಿ ಗೊರಕೆ ಎದ್ದಿತು. ಅಂಗೈಯಿಂದ ಬಾಯಿ ಮುಚ್ಚಿದಳು. ಅದು ಬೆರಳುಗಳ ಸಂದಿಯಿಂದ ಹೊರಬಿತ್ತು. "ಹುರಿದ ಕಾಳಿಗೆ... ಬೇಗ ಎದ್ದೇಳು ಅಂತ... ನಾನು ಹಾಡು ಬೇರೆ ಹೇಳಿದ್ದೆ!"

ಆಮೇಲೆ ಅವಳ ಕೈಲಿ ಏನೂ ಇರಲಿಲ್ಲ. ನೆಲದ ಮೇಲೆ ಕೂತಲ್ಲೇ ಮುಂದಕ್ಕೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತ ನಕ್ಕಳು. ಬೆಳಗಿನಿಂದ, ಹಿಂದಿನ ರಾತ್ರಿಯಿಂದ, ನಾಲ್ಕೂರು ಸುತ್ತಿದ ದಿನಗಳಿಂದ ಒಳಗೆ ಕಟ್ಟಿಕೊಂಡಿದ್ದೆಲ್ಲ ಅದರೊಂದಿಗೆ ಹೊರಬರುತ್ತಿತ್ತು. ಮಕ್ಕಳು ಒಂದು ಕ್ಷಣ ತಡೆದುಕೊಂಡು ಆಮೇಲೆ ಒಟ್ಟಿಗೇ ಭುಗಿಲೆದ್ದರು. ಎಲ್ಮರ್ ಕಾರ್ಡುಗಳನ್ನು ಗಾಳಿಗೆ ತೂರಿದ. ಅತ್ತಿದ್ದ ಹುಡುಗಿ ದೆಲ್ಮಿಯ ತೊಡೆಯ ಮೇಲೆ ಉರುಳಿ ಉರುಳಿ ನಕ್ಕಳು. ದೋನ್ಯಾ ಚೆಪಾ ಶಾಲಿನಿಂದ ಬಾಯಿ ಒತ್ತಿಕೊಂಡು, "ನಾನಲ್ಲ ಹೇಳಿದ್ದು, ಅವಳೇ ಹೇಳಿದ್ದು," ಎನ್ನುತ್ತ ಕುಲುಕುತ್ತಿದ್ದರು, ಕಾಫಿ ಚೆಲ್ಲುತ್ತಿತ್ತು.

ನಗದೆ ಉಳಿದವರು ಇಬ್ಬರು. ದೋನ್ ಫೌಸ್ತೊ ಬಿಳುಚಿಕೊಂಡು, "ಮೇಡಂ, ನಾನು ಮೊದಲೇ ಬರೆದಿದ್ದೆ, ಈ ತರಗತಿ ಅಂದ್ರೆ..." ಎಂದು ಶುರುಮಾಡಿದರು.

"ನಿಮ್ಮ ಕಾಗದ ಓದಿದ್ದೀನಿ," ಎಂದರು ಓಂದಿನಾ ಮೇಡಂ. ಬ್ರೆಡ್ಡಿನ ಒಂದು ತುಂಡನ್ನು ಕಾಫಿಯಲ್ಲಿ ಅದ್ದಿ ನಿಧಾನವಾಗಿ ತಿಂದರು. ಲೋಟ ಬರಿದಾದ ಮೇಲೆ ದೋನ್ಯಾ ಚೆಪಾರತ್ತ ಚಾಚಿದರು. "ನಮ್ಮೂರಲ್ಲಿ ಹೆಣ ಕಾಯೋಕೆ ಬಂದು ನಗದೆ ಕೂತವರಿಗೆ ನಮ್ಮಜ್ಜಿ ಎರಡನೇ ಲೋಟ ಕೊಡ್ತಿರಲಿಲ್ಲ. ನಂಗೆ ಈ ಕೆಲಸಕ್ಕೆ ಸೇರಿದ ಮೇಲೆ ಮುಖ ಮರಗಟ್ಟಿಹೋಗಿದೆ. ದೊಡ್ಡ ಮನಸ್ಸು ಮಾಡಿ ಕೊಡಿ."

ದೋನ್ಯಾ ಚೆಪಾ ತುಂಬಿಸಿ ಕೊಟ್ಟರು. ದೋನ್ ಫೌಸ್ತೊಗೆ ಮೊದಲನೆಯ ಲೋಟವೂ ಸಿಗಲಿಲ್ಲ.

ಬಿಡುವಿನ ಹೊತ್ತಿಗೆ ಅಡುಗೆಮನೆಯ ಹಿಂದೆ ಸೀಬೆಗಿಡದ ಕೆಳಗೆ ಮಣ್ಣು ಮಾಡಿದ್ದಾಯಿತು. ಬೆಂಕಿಪೊಟ್ಟಣ ದೋನ್ಯಾ ಚೆಪಾಗೆ ವಾಪಸ್ ಬೇಕಾಗಿದ್ದರಿಂದ ಕಾಳನ್ನು ಹಾಗೇ ಮಲಗಿಸಿದರು. ಐಸ್‌ಕ್ಯಾಂಡಿ ಕಡ್ಡಿಯ ಶಿಲುಬೆ ನೆಟ್ಟರು. ಓಂದಿನಾ ಮೇಡಂ ಕೆಸರೊಣಗಿದ ಶೂ ಹಾಕಿಕೊಂಡು ಗೇಟಿನವರೆಗೆ ನಡೆದರು. ದೆಲ್ಮಿ ಒಂದು ಹೆಜ್ಜೆ ಹಿಂದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

"ಮೇಡಂ, ವರದಿ..." ಎಂದಳು ಕೊನೆಗೂ.

"ವರದಿ ಬರೆಯೋದು ಕೆಲಸ ಮುಗಿದ ಮೇಲೆ. ಇದು ಎಲ್ಲಿ ಮುಗಿದಿದೆ?" ಮೇಡಂ ಸೋಯ್ಲಾಳನ್ನು ಕರೆದರು. "ಸತ್ತವನ ಪ್ರಾರ್ಥನೆ ಮುಗಿಸೋ ಒಂಬತ್ತನೇ ದಿನ ಯಾವಾಗ ಬೀಳುತ್ತೆ?"

ಸೋಯ್ಲಾ ಬೆರಳು ಮಡಚಿದಳು. "ನಾಳೆ ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರ ಮೇಡಂ."

"ಒಂಬತ್ತನೇ ದಿನಕ್ಕೆ ತಮಾಲೆ ಮಾಡ್ಬೇಕು. ಮೆಕ್ಕೆಜೋಳದ ಹಿಟ್ಟಿನದು, ಬಾಳೆಲೆಯಲ್ಲಿ ಕಟ್ಟಿದ್ದು, ಕೋಳಿ ಹಾಕಿ. ನಾನು ಬರ್ತೀನಿ. ಕಾಗದ ಪತ್ರ ಎಲ್ಲ ತರ್ತೀನಿ." ಕಪ್ಪು ಕನ್ನಡಕ ಏರಿಸಿಕೊಂಡು ದೆಲ್ಮಿಯತ್ತ ತಿರುಗಿದರು. "ನೀವು ಅವತ್ತು ಇಲ್ಲೇ ಇರ್ತೀರಲ್ಲ?"

"ಇರ್ತೀನಿ," ಎಂದಳು ದೆಲ್ಮಿ. ಅದು ಪ್ರಶ್ನೆಯೋ ಅಪ್ಪಣೆಯೋ ಎಂದು ಯೋಚಿಸುವಷ್ಟರಲ್ಲಿ ಮೇಡಂ ಹಳ್ಳದ ಕಡೆ ಇಳಿದುಹೋಗಿದ್ದರು.

ಶಾಲೆ ಬಿಟ್ಟ ಮೇಲೂ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಬೆಂಚುಗಳನ್ನು ಸಾಲಿಗೆ ತಂದಳು. ಬಾಟಲಿಗಳನ್ನು ತೊಳೆದು ಬೋರಲು ಹಾಕಿದಳು. ದೋನ್ಯಾ ಚೆಪಾ ತಪ್ಪು ತಮ್ಮದೂ ಇದೆ ಎಂಬಂತೆ ಮನೆಗೆ ಹೋಗಿ, ಬೂದಿ ಸವರಿ ಇಟ್ಟಿದ್ದ ಬಿತ್ತನೆ ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದುಕೊಟ್ಟಿದ್ದರು. ಸೋಮವಾರದಿಂದ ಮತ್ತೆ ಕಾಳಿನ ಪಾಠ ಶುರು. ಗಂಟನ್ನು ಲಂಗದ ಜೇಬಿಗಿಟ್ಟುಕೊಂಡು ಹಿತ್ತಲಿಗೆ ನೀರು ಚೆಲ್ಲಲು ಹೋದವಳು ಅಲ್ಲೇ ನಿಂತಳು.

ದೋನ್ಯಾ ಚೆಪಾರ ಕಂದು ಕೋಳಿ ಸೀಬೆಗಿಡದ ಕೆಳಗೆ ಕೆದರುತ್ತಿತ್ತು. ಶಿಲುಬೆ ಬಿದ್ದಿತ್ತು. ದೆಲ್ಮಿ ಕೈಬೀಸಿ ಓಡಿದಳು. ಕೋಳಿ ಕತ್ತೆತ್ತಿ, ಗಂಟಲು ಅಲ್ಲಾಡಿಸಿ, ಏನೋ ನುಂಗಿ, ಅವಸರವಿಲ್ಲದೆ ಬೇಲಿಯತ್ತ ಸರಿಯಿತು. ಗುಣಿ ಖಾಲಿ.

ದೆಲ್ಮಿ ಸುತ್ತಲೂ ನೋಡಿದಳು. ಯಾರೂ ಇರಲಿಲ್ಲ. ಮಂಡಿಯೂರಿ ಕೂತು ಜೇಬಿನಿಂದ ಗಂಟು ತೆಗೆದು ಬಿಚ್ಚಿದಳು. ಒಂದು ಕಾಳು ತೆಗೆದಳು, ಬೇಡವೆನ್ನಿಸಿ ಇನ್ನೊಂದು ತೆಗೆದಳು, ಬೂದಿ ಒರೆಸಿ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಗುಣಿಯಲ್ಲಿಟ್ಟು, ಬೆರಳಿನ ಒಂದು ಗೆಣ್ಣಿನಷ್ಟು ಒತ್ತಿ, ಮಣ್ಣು ಮುಚ್ಚಿದಳು. ಶಿಲುಬೆಯನ್ನು ಮೊದಲಿದ್ದ ಹಾಗೆಯೇ ನೆಟ್ಟಳು.

"ಅಲ್ಲೇನೇ ಮಾಡ್ತಿದ್ದೀಯಾ?" ಎಂದು ಅಡುಗೆಮನೆಯ ಕಿಟಕಿಯಿಂದ ದೋನ್ಯಾ ಚೆಪಾ ಕೂಗಿದರು.

"ಏನಿಲ್ಲ. ಕೋಳಿ ಕಟ್ಟಿಹಾಕಿ ದೋನ್ಯಾ ಚೆಪಾ."

"ಎಷ್ಟು ದಿನ?"

"ಒಂಬತ್ತನೇ ದಿನದವರೆಗೆ," ಎಂದಳು ದೆಲ್ಮಿ. ತೊಟ್ಟಿಯಿಂದ ಬೊಗಸೆಯಲ್ಲಿ ನೀರು ತಂದು, ಮಣ್ಣು ಕದಲದ ಹಾಗೆ ಬೆರಳುಗಳ ಸಂದಿಯಿಂದ ಹನಿಹನಿಯಾಗಿ ಬಿಟ್ಟಳು.